ಹಾಸಿಗೆ ಯಾರಿಗೆ, ಬೇಡಿ ಯಾರಿಗೆ?

ಉದ್ದದ ಪೋಸ್ಟ್. ಈಗ ಪುರುಸೊತ್ತಿಲ್ಲ ಅಂದ್ರೆ ಸೇವ್ ಮಾಡಿಟ್ಟು ಭಾನುವಾರ ಓದಿ, ಆದ್ರೆ ಓದಿ.

ನಮ್ಮ ಸಭೆಗಳಲ್ಲಿ ಕುಡಿತದ ಮಾತು ಬಂದಾಗ ಹೆಣ್ಣುಮಗಳು ಯಾವಾಗ್ಲೂ ಒಂದೇ ಜಾಗದಲ್ಲಿ ನಿಂತಿರ್ತಾಳೆ. ಕುಡುಕನ ಹೆಂಡತಿ, ಇಲ್ಲಾ ಕುಡಿದು ಸತ್ತವನ ತಾಯಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಹೆಂಗಸರು ನಡೆದು ಬಂದರಲ್ಲ, ಆ ಬೊಬ್ಬೆ ಎದ್ದ ಕಾಲುಗಳ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ತಾನೇ ಕುಡಿಯೋ ಹೆಣ್ಣುಮಗಳ ಬಗ್ಗೆ ನಾವು ಮಾತಾಡಿದ್ದು ನನಗೆ ನೆನಪಿಲ್ಲ. ಅವಳು ಬಿಡಬೇಕು ಅಂತ ಮನಸ್ಸು ಮಾಡಿದ್ರೆ ಎಲ್ಲಿ ಹೋಗಿ ಇರಬೇಕು? ಎಷ್ಟು ದಿನ? ಮಕ್ಕಳನ್ನ ಯಾರ ಮಡಿಲಿಗೆ ಹಾಕಿ ಹೋಗಬೇಕು?

ಚಟ ಹಿಡಿದವರಿಗೆ ಕೆಲವೊಮ್ಮೆ ಮಾತ್ರೆ, ಬುದ್ಧಿಮಾತು ಸಾಕಾಗಲ್ಲ. ಅದೇ ಬೀದಿ, ಅದೇ ಅಂಗಡಿ, ಅದೇ ಜನದ ನಡುವೆ ಇದ್ದುಕೊಂಡು ಬಿಡೋದು ಕಷ್ಟ. ಅದಕ್ಕೇ ಅಲ್ಲೇ ಉಳಿದು ವಾರಗಟ್ಟಲೆ, ತಿಂಗಳುಗಟ್ಟಲೆ ಚಿಕಿತ್ಸೆ ಪಡೆಯೋ ಕೇಂದ್ರಗಳು ಹುಟ್ಟಿದ್ದು. ಹೆಂಗಸರಿಗೇ ಅಂತ ಇಂಥ ಮನೆಗಳನ್ನ ಕಟ್ಟೋಕೆ ಶುರುವಾಗಿ ನೂರು ವರ್ಷದ ಮೇಲಾಯ್ತು. ಆ ಇತಿಹಾಸ ಓದ್ತಾ ಹೋದ ಹಾಗೆ ನನಗೆ ಕಂಡದ್ದು ಔಷಧಿಯ ಇತಿಹಾಸ ಅಲ್ಲ. ಯಾವ ಹೆಂಗಸಿಗೆ ಹಾಸಿಗೆ ಸಿಕ್ತು, ಯಾವ ಹೆಂಗಸಿನ ಕೈಗೆ ಬೇಡಿ ಬಿತ್ತು ಅನ್ನೋ ಇತಿಹಾಸ.

ಇಂಗ್ಲೆಂಡಿನಿಂದ ಶುರು ಮಾಡ್ತೀನಿ. 1879ರಲ್ಲಿ ಅಲ್ಲಿನ ಪಾರ್ಲಿಮೆಂಟು ಚಟದ ಕುಡುಕರಿಗಾಗಿ ಒಂದು ಕಾನೂನು ಮಾಡ್ತು. ತಾವಾಗಿಯೇ ಬಂದು ಸಹಿ ಹಾಕಿ, ಲೈಸೆನ್ಸ್ ಪಡೆದ ಮನೆಗಳಲ್ಲಿ ಇದ್ದು ಕುಡಿತ ಬಿಡಬಹುದು. ಆ ಮನೆಗಳಿಗೆ 'ರಿಟ್ರೀಟ್' ಅಂತ ಹೆಸರು. ಖರ್ಚೆಲ್ಲ ಅವರದ್ದೇ. ಅಂದ್ರೆ ದುಡ್ಡಿದ್ದವರಿಗೆ. ಬಡವರನ್ನ ಸೇರಿಸಿಕೊಂಡು ಕಾನೂನು ಬರೋಕೆ ಮತ್ತೆ 19 ವರ್ಷ ಹಿಡೀತು. 1898ರ ಇನೆಬ್ರಿಯೇಟ್ಸ್ ಆಕ್ಟ್. ಇದರ ಬಾಗಿಲು ಬೇರೆ ಥರದ್ದು. ವರ್ಷದಲ್ಲಿ ನಾಲ್ಕು ಸಲ ಕುಡಿದು ಸಿಕ್ಕಿಬಿದ್ದವರನ್ನ, ಕುಡಿತದಿಂದ ಅಪರಾಧ ಮಾಡಿದವರನ್ನ ಕೋರ್ಟು ಮೂರು ವರ್ಷದವರೆಗೆ 'ರಿಫಾರ್ಮೇಟರಿ'ಗೆ ಕಳಿಸಬಹುದು. ಉಳ್ಳವರಿಗೆ ವಿಶ್ರಾಂತಿ ಮನೆ, ಇಲ್ಲದವರಿಗೆ ತಿದ್ದೋ ಮನೆ. ಒಂದೇ ಕಾಯಿಲೆಗೆ ಎರಡು ಹೆಸರು.

ಇಲ್ಲಿ ಒಂದು ವಿಚಿತ್ರ ನೋಡಿ. ಬೀದಿಯಲ್ಲಿ ಕುಡಿದು ಬೀಳ್ತಿದ್ದವರಲ್ಲಿ ಗಂಡಸರೇ ಹೆಚ್ಚು. ಆದ್ರೆ ಈ ರಿಫಾರ್ಮೇಟರಿಗಳಿಗೆ ಹೋದವರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಮಿಕ್ಕಿ ಹೆಂಗಸರು! ತುಂಬಾ ಜನರ ಮೇಲಿದ್ದ ಆರೋಪ ಮಕ್ಕಳನ್ನ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನೋದು. ಗಂಡಸು ಕುಡಿದ್ರೆ ದಂಡ ಕಟ್ಟಿ ಮನೆಗೆ ಹೋಗ್ತಾನೆ, ಯಾಕಂದ್ರೆ ಅವನು ದುಡೀಬೇಕು. ಹೆಂಗಸು ಕುಡಿದ್ರೆ ದೇಶದ ಸಂತಾನವೇ ಕೆಡ್ತದೆ ಅನ್ನೋ ಗಾಬರಿ ಆಗಿನ ಡಾಕ್ಟರುಗಳಿಗೂ ಮ್ಯಾಜಿಸ್ಟ್ರೇಟರಿಗೂ. ತಾಯಿಯ ಮೇಲಿನ ಕಾಳಜಿ ಅಲ್ಲ ಇದು, ಗರ್ಭದ ಮೇಲಿನ ಕಾವಲು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಅಮೆರಿಕದಲ್ಲಿ ಮತ್ತೆ ಬರ್ತದೆ.

ಇದೇ ಹೊತ್ತಿನಲ್ಲಿ ಬೇರೆ ದಾರಿ ಹುಡುಕಿದ ಒಬ್ಬ ಹೆಣ್ಣುಮಗಳು ಲೇಡಿ ಹೆನ್ರಿ ಸಾಮರ್ಸೆಟ್. ದೊಡ್ಡ ಜಮೀನ್ದಾರಿ ಮನೆತನ. ಗಂಡನನ್ನ ಬಿಟ್ಟು, ಕೋರ್ಟಿನಲ್ಲಿ ಹೋರಾಡಿ ಮಗನನ್ನ ತನ್ನ ಹತ್ರ ಉಳಿಸಿಕೊಂಡಿದ್ದಕ್ಕೆ ಕುಲೀನ ಸಮಾಜ ಅವರನ್ನ ಹೊರಗಿಟ್ಟಿತ್ತು. ಬ್ರಿಟನ್ನಿನ ಹೆಂಗಸರ ಪಾನವಿರೋಧಿ ಸಂಘದ ಅಧ್ಯಕ್ಷೆಯಾಗಿದ್ದ ಅವರು 1895ರಲ್ಲಿ ಸರ್ರೆ ಜಿಲ್ಲೆಯ ಡಕ್ಸ್‌ಹರ್ಸ್ಟ್‌ನಲ್ಲಿ ಕುಡಿತಕ್ಕೆ ಬಿದ್ದ ಹೆಂಗಸರಿಗಾಗಿ ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿಸಿದರು. ಉದ್ದನೆಯ ವಾರ್ಡು, ಕಂಬಿ ಕಿಟಕಿ ಇಲ್ಲ. ಬಯಲಿನ ಸುತ್ತ ಸಣ್ಣ ಸಣ್ಣ ಮನೆಗಳು, ತೋಟದ ಕೆಲಸ, ನೇಯ್ಗೆ. ಎಲ್ಲಕ್ಕಿಂತ ಮುಖ್ಯ, ಆ ಹಳ್ಳಿಯೊಳಗೇ ಮಕ್ಕಳಿಗೊಂದು ಮನೆ. ಮಕ್ಕಳು ಕಣ್ಣಿಗೆ ಬೀಳೋ ಜಾಗದಲ್ಲಿ ಹೆಂಗಸು ಬೇಗ ಚೇತರಿಸಿಕೊಳ್ತಾಳೆ ಅಂತ ಆಕೆಗೆ 1895ರಲ್ಲೇ ಹೊಳೆದಿತ್ತು. ಸರ್ಕಾರಗಳಿಗೆ ಹೊಳೆಯೋಕೆ ಇನ್ನೂ ನೂರು ವರ್ಷ ಬೇಕಾಯ್ತು.

ಹಾಗಂತ ಹಾರ ಹಾಕಿ ಕೂರಿಸೋದು ಬೇಡ. ಡಕ್ಸ್‌ಹರ್ಸ್ಟ್‌ನಲ್ಲೂ ಹೆಚ್ಚು ಹಣ ಕೊಡೋ ಕುಲೀನ ಹೆಂಗಸರಿಗೆ ಬೇರೆ ದೊಡ್ಡ ಮನೆ ಇತ್ತು, ಬಡವರಿಗೆ ಗುಡಿಸಲ ಮಾದರಿ ಮನೆಗಳು. ಕೇರಿ ಅನ್ನೋದು ನಮ್ಮ ದೇಶದಲ್ಲಿ ಮಾತ್ರ ಇಲ್ಲ. ಇನ್ನೊಂದು ಸಂಗತಿ ನಮಗೆ ನೇರ ಸಂಬಂಧಪಟ್ಟದ್ದು. ಇದೇ ಲೇಡಿ ಹೆನ್ರಿ 1897ರಲ್ಲಿ, ಭಾರತದ ಕಂಟೋನ್ಮೆಂಟುಗಳಲ್ಲಿ ಬ್ರಿಟಿಷ್ ಸಿಪಾಯಿಗಳ ಆರೋಗ್ಯ ಕಾಪಾಡೋಕೆ ವೇಶ್ಯಾವೃತ್ತಿಯ ಮೇಲೆ ಸರ್ಕಾರಿ ತಪಾಸಣೆ ಇರಲಿ ಅನ್ನೋ ಯೋಜನೆಗೆ ಬೆಂಬಲ ಕೊಟ್ಟರು. ಜೋಸೆಫಿನ್ ಬಟ್ಲರ್ ಥರದವರು ತಿರುಗಿ ಬಿದ್ದ ಮೇಲೆ 1898ರಲ್ಲಿ ವಾಪಸ್ ತಗೊಂಡರು. ತನ್ನ ಊರಿನ ಬಡ ಹೆಂಗಸಿಗೆ ತೋಟ, ನಮ್ಮ ಊರಿನ ಬಡ ಹೆಂಗಸಿಗೆ ತಪಾಸಣೆ. ಕರುಣೆ ಸಮುದ್ರ ದಾಟೋವಾಗ ಹೇಗೆ ಬಣ್ಣ ಬದಲಾಯಿಸ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆ ಕಾಲದಲ್ಲಿ ಲಂಡನ್ನಿನಲ್ಲಿ ಜೇನ್ ಕೇಕ್‌ಬ್ರೆಡ್ ಅಂತ ಒಬ್ಬ ಮುದುಕಿ ಇದ್ದಳು. ಕುಡಿದ ಕೇಸಿನಲ್ಲಿ ಸುಮಾರು 280 ಸಲ ಶಿಕ್ಷೆಯಾಗಿತ್ತು. ಪತ್ರಿಕೆಗಳಿಗೆ ಅವಳೊಂದು ತಮಾಷೆ. ಲೇಡಿ ಹೆನ್ರಿ ಅವಳನ್ನ ಡಕ್ಸ್‌ಹರ್ಸ್ಟ್‌ಗೆ ಕರೆದುಕೊಂಡು ಹೋದರು, ಕೆಲವು ತಿಂಗಳಲ್ಲಿ ಅದು ಮುರಿದುಬಿತ್ತು. ಕೊನೆಗೆ ಹುಚ್ಚಾಸ್ಪತ್ರೆ ಸೇರಿ ಅಲ್ಲೇ ಸತ್ತಳು. ಅಷ್ಟೊಂದು ಸಲ ಜೈಲಿಗೆ ಹಾಕಿದವರಿಗೆ ಅವಳ ಮನಸ್ಸು ಕೆಟ್ಟಿರಬಹುದು ಅಂತ ಅನ್ನಿಸಿದ್ದು ಕಡೇ ಗಳಿಗೆಯಲ್ಲಿ.

ರಿಫಾರ್ಮೇಟರಿಗಳು ಹೇಗೆ ಮುಚ್ಚಿದವು ಗೊತ್ತಾ? ಖರ್ಚು ಕೇಂದ್ರದ್ದಾ, ಸ್ಥಳೀಯ ಕೌನ್ಸಿಲುಗಳದ್ದಾ ಅನ್ನೋ ಜಗಳದಲ್ಲಿ ಬಡವಾದವು, ಮೊದಲ ಮಹಾಯುದ್ಧದ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕಿದವು. ನಾನು ಗುಮಾಸ್ತ. 'ಈ ವೆಚ್ಚ ಯಾವ ಲೆಕ್ಕ ಶೀರ್ಷಿಕೆಯಲ್ಲಿ' ಅಂತ ಒಂದು ಷರಾ ಬರೆದು ಫೈಲು ವಾಪಸ್ ಕಳಿಸಿದರೆ ಎಂಥಾ ಯೋಜನೆಯೂ ಸಾಯ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ದಲಿತ ಪ್ಯಾಂಥರ್ಸ್ 1972ರಲ್ಲಿ ತನ್ನ ಹೆಸರು ತಗೊಂಡಿದ್ದೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ. ಹಾಗಾಗಿ ಅಲ್ಲಿನ ಕಪ್ಪು ಹೆಣ್ಣುಮಕ್ಕಳ ಕತೆ ನಮಗೆ ದೂರದ್ದಲ್ಲ.

1935ರಲ್ಲಿ ಅಮೆರಿಕ ಸರ್ಕಾರ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ 'ನಾರ್ಕೋಟಿಕ್ ಫಾರ್ಮ್' ತೆರೀತು. ಅರ್ಧ ಆಸ್ಪತ್ರೆ, ಅರ್ಧ ಜೈಲು, ಸುತ್ತ ಹೊಲ, ಹಸು. ಅಫೀಮು, ಹೆರಾಯಿನ್ ಚಟದವರಿಗೆ ಸರ್ಕಾರದ ಹಾಸಿಗೆ. ಹೆಂಗಸರಿಗೆ ಅದರ ಬಾಗಿಲು ತೆರೆದದ್ದು 1941ರಲ್ಲಿ, ಆರು ವರ್ಷ ತಡವಾಗಿ. (ಅಲ್ಲೇ ಕೈದಿಗಳ ಮೇಲೆ ಔಷಧ ಪ್ರಯೋಗ ಮಾಡಿ, ಪ್ರತಿಫಲವಾಗಿ ಅದೇ ಮಾದಕವಸ್ತು ಕೊಡ್ತಿದ್ದದ್ದು 1975ರಲ್ಲಿ ಸೆನೆಟ್ ವಿಚಾರಣೆಗೆ ಬಂತು. ಅದು ಬೇರೆಯೇ ಒಂದು ಪೋಸ್ಟ್ ಆಗ್ತದೆ.)

1947ರಲ್ಲಿ ಗಾಯಕಿ ಬಿಲ್ಲೀ ಹಾಲಿಡೇ ಮಾದಕವಸ್ತು ಕೇಸಿನಲ್ಲಿ ಸಿಕ್ಕಿದರು. ಕಪ್ಪು ಜನರನ್ನ ಮರಕ್ಕೆ ನೇಣು ಹಾಕೋ ಕ್ರೌರ್ಯದ ವಿರುದ್ಧ ಹಾಡಿದ ದನಿ ಅದು. ನ್ಯಾಯಾಧೀಶರ ಮುಂದೆ ಆಕೆ ಕೇಳಿದ್ದು ಆಸ್ಪತ್ರೆ. ಸಿಕ್ಕಿದ್ದು ಒಂದು ವರ್ಷ ಒಂದು ದಿನದ ಶಿಕ್ಷೆ, ಆಲ್ಡರ್ಸನ್ ಜೈಲು. ಬಿಡುಗಡೆಯಾಗಿ ಬಂದ ಮೇಲೆ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡೋಕೆ ಬೇಕಾದ ಕಾರ್ಡನ್ನೂ ಕಿತ್ತುಕೊಂಡರು. ಅಂದ್ರೆ ಅನ್ನವನ್ನ. 1959ರಲ್ಲಿ ಆಸ್ಪತ್ರೆಯಲ್ಲಿ ಸಾಯ್ತಾ ಮಲಗಿದ್ದಾಗ ಅದೇ ಹಾಸಿಗೆಯಲ್ಲೇ ಬಂಧಿಸಿ, ಬಾಗಿಲಲ್ಲಿ ಪೊಲೀಸರನ್ನ ನಿಲ್ಲಿಸಿದರು. ವಯಸ್ಸು 44. ಹಾಸಿಗೆ ಮತ್ತು ಬೇಡಿ ಎರಡೂ ಒಟ್ಟಿಗೆ ಸಿಕ್ಕ ಹೆಣ್ಣುಮಗಳು ಆಕೆ.

ಇದರ ಪಕ್ಕದಲ್ಲಿ ಮಾರ್ಟಿ ಮ್ಯಾನ್ ಕತೆ ಇಟ್ಟು ನೋಡಿ. ಬಿಳಿ ಹೆಣ್ಣುಮಗಳು, ಸಿರಿವಂತ ಮನೆಯಲ್ಲಿ ಹುಟ್ಟಿದವರು. 1930ರ ದಶಕದ ಕೊನೆಯಲ್ಲಿ ಕುಡಿತದಿಂದ ಕೈಖಾಲಿಯಾಗಿದ್ದಾಗಲೂ ಕನೆಕ್ಟಿಕಟ್ ರಾಜ್ಯದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಅವರಿಗೆ ವರ್ಷದ ಮೇಲೆ ಜಾಗ ಸಿಕ್ತು. ಚೇತರಿಸಿಕೊಂಡು, 1944ರಲ್ಲಿ ರಾಷ್ಟ್ರೀಯ ಸಂಘಟನೆ ಕಟ್ಟಿ, ಕುಡಿತ ಪಾಪ ಅಲ್ಲ, ಕಾಯಿಲೆ ಅಂತ ಊರೂರು ಸುತ್ತಿದರು. ದೊಡ್ಡ ಕೆಲಸ, ಒಪ್ತೀನಿ. ಆದ್ರೆ ಕಾಯಿಲೆ ಅನ್ನಿಸಿಕೊಳ್ಳೋ ಹಕ್ಕು ಎಲ್ಲರ ಕುಡಿತಕ್ಕೂ, ಎಲ್ಲರ ಚಟಕ್ಕೂ ಸಿಗಲಿಲ್ಲ. 1956ರಲ್ಲಿ ಮಿನ್ನೆಸೋಟದ ಹೇಝಲ್ಡನ್ ಸಂಸ್ಥೆ ಹೆಂಗಸರಿಗಾಗಿ ಡಯಾ ಲಿನ್ ಅನ್ನೋ ಮನೆ ತೆರೀತು. 1978ರಲ್ಲಿ ಮಾಜಿ ಅಧ್ಯಕ್ಷರ ಹೆಂಡತಿ ಬೆಟ್ಟಿ ಫೋರ್ಡ್, ನನಗೂ ಕುಡಿತದ, ಮಾತ್ರೆಯ ಚಟ ಇದೆ ಅಂತ ಬಹಿರಂಗವಾಗಿ ಹೇಳಿ ಚಿಕಿತ್ಸೆಗೆ ಸೇರಿದರು. 1982ರಲ್ಲಿ ಶುರುವಾದ ಅವರ ಕೇಂದ್ರದಲ್ಲಿ ಅರ್ಧ ಹಾಸಿಗೆ ಹೆಂಗಸರಿಗೇ ಮೀಸಲು. ಮೀಸಲಾತಿ ಅಂದ್ರೆ ಮೂಗು ಮುರಿಯೋ ನಮ್ಮವರು ಇದನ್ನ ಗಮನಿಸಬೇಕು. ಮೀಸಲಿಡದೆ ಇದ್ದರೆ ಆ ಹಾಸಿಗೆಗಳಿಗೂ ಗಂಡಸರೇ ಬರ್ತಿದ್ದರು.

ಇನ್ನೊಬ್ಬರು ನನಗೆ ಬಹಳ ಇಷ್ಟ, ಜೀನ್ ಕರ್ಕ್‌ಪ್ಯಾಟ್ರಿಕ್. ಕುಡಿತ ಬಿಡಿಸೋ ಪ್ರಸಿದ್ಧ ಸಂಘಟನೆ ಎ.ಎ.ಯ ಮೊದಲ ಮೆಟ್ಟಿಲೇ 'ಮದ್ಯದ ಮುಂದೆ ನಾನು ಶಕ್ತಿಹೀನ' ಅಂತ ಒಪ್ಪಿಕೊಳ್ಳೋದು. ಈಕೆ 1975ರಲ್ಲಿ ಹೆಂಗಸರದ್ದೇ ಬೇರೆ ಸಂಘಟನೆ ಕಟ್ಟಿ, ಹೆಂಗಸಿಗೆ ಬೇಕಾಗಿರೋದು ಶರಣಾಗತಿ ಅಲ್ಲ, ತನ್ನ ಬಗ್ಗೆ ಗೌರವ ಅಂದರು. ಹುಟ್ಟಿದಾಗಿನಿಂದ 'ನಿನಗೆ ಶಕ್ತಿ ಇಲ್ಲ' ಅಂತಲೇ ಕೇಳಿಸಿಕೊಂಡು ಬಂದವರಿಗೆ ಅದನ್ನೇ ಔಷಧಿ ಅಂತ ಕುಡಿಸಿದ್ರೆ ಹೇಗೆ? ಸ್ವಾಭಿಮಾನದ ಚಳವಳಿಯಿಂದ ಬಂದ ನಮಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಾನು ಹೇಳಬೇಕು ಅಂತಿದ್ದ ಮುಖ್ಯ ಕತೆಗೆ ಬರ್ತೀನಿ.

1980ರ ದಶಕದ ಕೊನೆ. ಅಗ್ಗದ ಕ್ರ್ಯಾಕ್ ಕೊಕೇನ್ ಅಮೆರಿಕದ ಕಪ್ಪು ಜನರ ಬಡಾವಣೆಗಳಿಗೆ ನುಗ್ಗಿತ್ತು. ಪತ್ರಿಕೆ, ಟಿವಿ ತುಂಬಾ 'ಕ್ರ್ಯಾಕ್ ಬೇಬಿ'ಗಳ ಸುದ್ದಿ. ಇಡೀ ದೇಶದ ಸಿಟ್ಟು ಬಸುರಿ ಕಪ್ಪು ಹೆಂಗಸಿನ ಮೇಲೆ. ಸರಿ, ಬಿಡಬೇಕು ಅಂತ ಅವಳು ಬಂದ್ರೆ ಜಾಗ ಇತ್ತಾ? 1989ರಲ್ಲಿ ಡಾ. ವೆಂಡಿ ಚಾವ್ಕಿನ್ ನ್ಯೂಯಾರ್ಕ್ ನಗರದ 78 ಚಿಕಿತ್ಸಾ ಕೇಂದ್ರಗಳನ್ನ ವಿಚಾರಿಸಿದರು. 54% ಕೇಂದ್ರಗಳು ಬಸುರಿಯರನ್ನ ಸೇರಿಸಿಕೊಳ್ಳೋದೇ ಇಲ್ಲ. ಬಡವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೈಡ್ ಇರೋ ಬಸುರಿ ಆದ್ರೆ 67% ಇಲ್ಲ. ಮೆಡಿಕೈಡ್ ಇದ್ದು, ಬಸುರಿಯಾಗಿದ್ದು, ಚಟ ಕ್ರ್ಯಾಕ್‌ದಾಗಿದ್ರೆ 87% ಕೇಂದ್ರಗಳಲ್ಲಿ ಇಲ್ಲ. ಯಾರಿಗೆ ಅತೀ ಹೆಚ್ಚು ಬೇಕಿತ್ತೋ ಅವರಿಗೇ ಬಾಗಿಲು ಭದ್ರ.

ಚಟ ಕಪ್ಪು ಹೆಂಗಸರಲ್ಲೇ ಜಾಸ್ತಿ ಇತ್ತಾ? ಫ್ಲೋರಿಡಾದ ಪಿನೆಲ್ಲಾಸ್ ಕೌಂಟಿಯಲ್ಲಿ ಬಸುರಿಯರ ಮೂತ್ರ ಪರೀಕ್ಷೆ ನಡೆಸಿದ ಅಧ್ಯಯನ 1990ರಲ್ಲಿ ಪ್ರಕಟವಾಯ್ತು. ಮಾದಕವಸ್ತು ಅಥವಾ ಮದ್ಯದ ಅಂಶ ಕಂಡದ್ದು ಬಿಳಿಯರಲ್ಲಿ 15.4%, ಕಪ್ಪು ಹೆಂಗಸರಲ್ಲಿ 14.1%. ಹೆಚ್ಚುಕಮ್ಮಿ ಒಂದೇ. ಆದ್ರೆ ಅಧಿಕಾರಿಗಳಿಗೆ ದೂರು ಹೋದದ್ದು ಕಪ್ಪು ಹೆಂಗಸರ ಮೇಲೆ ಸುಮಾರು ಹತ್ತು ಪಟ್ಟು ಹೆಚ್ಚು.

ಅದೇ 1989ರಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನಗರದ ಸರ್ಕಾರಿ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆ, ಪೊಲೀಸರು ಮತ್ತು ಸರ್ಕಾರಿ ವಕೀಲರು ಸೇರಿ ಒಂದು ನೀತಿ ಮಾಡಿದರು. ಬಸುರಿಯರ ಮೂತ್ರವನ್ನ ಅವರಿಗೆ ಹೇಳದೆ ಕೊಕೇನ್ ಪರೀಕ್ಷೆಗೆ ಕಳಿಸೋದು, ಸಿಕ್ಕಿದ್ರೆ ಪೊಲೀಸರಿಗೆ ಕೊಡೋದು. ಯಾರನ್ನ ಪರೀಕ್ಷಿಸಬೇಕು ಅನ್ನೋ ಪಟ್ಟಿಯಲ್ಲಿ ಜನಾಂಗ ಅಂತ ಎಲ್ಲೂ ಬರೆದಿಲ್ಲ. ಬಸಿರಿನಲ್ಲಿ ಸರಿಯಾಗಿ ತಪಾಸಣೆಗೆ ಬಾರದವರು, ತಡವಾಗಿ ಬಂದವರು ಇಂಥವು. ಅಂದ್ರೆ ಬಡವರು. ಬಂಧನವಾದ ಹೆಂಗಸರು 30 ಜನ. ಅವರಲ್ಲಿ 29 ಮಂದಿ ಕಪ್ಪು ಹೆಣ್ಣುಮಕ್ಕಳು. ಉಳಿದ ಒಬ್ಬ ಬಿಳಿ ಹೆಂಗಸಿನ ಕೇಸ್ ಶೀಟಿನಲ್ಲಿ ನರ್ಸ್ ಬರೆದಿದ್ದು, ಇವಳ ಗೆಳೆಯ ನೀಗ್ರೋ ಅಂತ. ಜಾತಿ ಕಾಲಂ ಇಲ್ಲದ ಅರ್ಜಿ ನಮೂನೆಯಲ್ಲಿ ಜಾತಿ ಹೇಗೆ ಕೆಲಸ ಮಾಡ್ತದೆ ಅಂತ ಯಾರಾದ್ರೂ ಕೇಳಿದ್ರೆ ಈ 29 ಅನ್ನೋ ಸಂಖ್ಯೆ ತೋರಿಸಿ. ಹೆರಿಗೆಯಾಗಿ ಕೆಲವೇ ಗಂಟೆ ಆದ ಬಾಣಂತಿಯರನ್ನ, ರಕ್ತಸ್ರಾವ ನಿಲ್ಲೋ ಮೊದಲೇ, ಆಸ್ಪತ್ರೆ ಬಟ್ಟೆಯಲ್ಲೇ ಬೇಡಿ ಹಾಕಿ ಒಯ್ದರು.

ಟೀಕೆ ಬಂದ ಮೇಲೆ 1990ರಲ್ಲಿ ನೀತಿ ಸ್ವಲ್ಪ ಸಡಿಲಿಸಿ, ಚಿಕಿತ್ಸೆಗೆ ಹೋಗು ಇಲ್ಲಾ ಜೈಲಿಗೆ ಹೋಗು ಅಂದರು. ಕೇಳೋಕೆ ನ್ಯಾಯ ಅನ್ನಿಸ್ತದೆ. ಆದ್ರೆ ಬಸುರಿಯರು ಉಳಿದುಕೊಂಡು, ಮಕ್ಕಳನ್ನೂ ಜೊತೆಗಿಟ್ಟುಕೊಂಡು ಚಿಕಿತ್ಸೆ ಪಡೆಯೋ ಜಾಗ ಅಲ್ಲಿ ಎಲ್ಲಿತ್ತು? ಕ್ರಿಸ್ಟಲ್ ಫರ್ಗ್ಯುಸನ್ ಅನ್ನೋ ಹೆಣ್ಣುಮಗಳಿಗೆ ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ತಗೋ ಅಂದಾಗ, ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ನೋಡಿಕೊಳ್ಳೋರಿಲ್ಲ, ದಿನಾ ಬಂದು ಹೋಗೋ ಹಾಗೆ ಮಾಡಿಕೊಡಿ ಅಂತ ಕೇಳಿದಳು. ಆಗಲ್ಲ ಅಂದರು. ಬಂಧಿಸಿದರು. ಅವಳು ಚಿಕಿತ್ಸೆ ಬೇಡ ಅಂದಿರಲಿಲ್ಲ, ಮಕ್ಕಳನ್ನ ಬೀದಿಗೆ ಬಿಡಲ್ಲ ಅಂದಿದ್ದಳು. ಕಡತದಲ್ಲಿ ಮಾತ್ರ ಅದು 'ನಿರಾಕರಣೆ'.

ಅವಳೂ ಇತರ ಒಂಬತ್ತು ಮಂದಿಯೂ ಕೋರ್ಟಿಗೆ ಹೋದರು. ಎಂಟು ವರ್ಷದ ಅಲೆದಾಟದ ನಂತರ 2001ರ ಮಾರ್ಚ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್ 'ಫರ್ಗ್ಯುಸನ್ ವಿರುದ್ಧ ಚಾರ್ಲ್ಸ್‌ಟನ್ ನಗರ' ಪ್ರಕರಣದಲ್ಲಿ 6–3ರ ತೀರ್ಪು ಕೊಡ್ತು. ಪೊಲೀಸರಿಗೆ ಸಾಕ್ಷ್ಯ ಒದಗಿಸೋಕೆ ರೋಗಿಯ ಒಪ್ಪಿಗೆ ಇಲ್ಲದೆ ಆಸ್ಪತ್ರೆ ಮಾಡೋ ಪರೀಕ್ಷೆ ಸಂವಿಧಾನಬಾಹಿರ ಅಂತ. ಗೆದ್ದರು. ಆದ್ರೆ ತೀರ್ಪು ತಪಾಸಣೆಯ ಬಗ್ಗೆ. ಹಾಸಿಗೆ ಬಗ್ಗೆ ಅಲ್ಲ.

ಅದೇ ರಾಜ್ಯದಲ್ಲಿ 1992ರಲ್ಲಿ ಕಾರ್ನೇಲಿಯಾ ವಿಟ್ನರ್ ಅನ್ನೋ ಕಪ್ಪು ಹೆಣ್ಣುಮಗಳು ನ್ಯಾಯಾಧೀಶರ ಮುಂದೆ ನಿಂತು, ನನಗೆ ಸಹಾಯ ಬೇಕು, ಚಿಕಿತ್ಸೆಗೆ ಕಳಿಸಿ ಅಂತ ಕೇಳಿಕೊಂಡಳು. ಅವಳ ಮಗು ಆರೋಗ್ಯವಾಗೇ ಹುಟ್ಟಿತ್ತು, ರಕ್ತದಲ್ಲಿ ಕೊಕೇನ್ ಅಂಶ ಇತ್ತು ಅಷ್ಟೇ. ಎಂಟು ವರ್ಷ ಜೈಲು ಹಾಕಿದರು. 1947ರ ಬಿಲ್ಲೀ ಹಾಲಿಡೇ, 1992ರ ವಿಟ್ನರ್. ನಡುವೆ 45 ವರ್ಷ, ಕೇಳಿದ್ದು ಅದೇ, ಕೊಟ್ಟದ್ದೂ ಅದೇ.

ಮಕ್ಕಳ ಸಮೇತ ಇರೋ ಕೇಂದ್ರಗಳು ಇರಲೇ ಇಲ್ಲ ಅಂತಲ್ಲ. ನ್ಯೂಯಾರ್ಕಿನ ಒಡಿಸ್ಸಿ ಹೌಸ್ 1970ರ ದಶಕದ ಶುರುವಿನಲ್ಲೇ ತಾಯಿ-ಮಗು ಒಟ್ಟಿಗೆ ಇರೋ ವ್ಯವಸ್ಥೆ ಮಾಡಿತ್ತು. ಆದ್ರೆ ಅಂಥವು ಬೆರಳೆಣಿಕೆ. ಸರ್ಕಾರದ ದುಡ್ಡು ಬಂದಾಗಷ್ಟೇ ಇವು ಹೆಚ್ಚಿದವು. 1984ರಲ್ಲಿ ಕೇಂದ್ರದ ಅನುದಾನದಲ್ಲಿ 5% ಹೆಂಗಸರ ಚಿಕಿತ್ಸೆಗೆ ಎತ್ತಿಡಬೇಕು ಅಂತ ಕಾನೂನಾಯ್ತು, 1988ರಲ್ಲಿ ಅದು 10% ಆಯ್ತು. 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, ಬಸುರಿ ಅನ್ನೋ ಒಂದೇ ಕಾರಣಕ್ಕೆ ಎಲ್ಲರನ್ನೂ ಹೊರಗಿಡೋದು ಲಿಂಗ ತಾರತಮ್ಯ ಅಂದಿತು. ಅದೇ ಸುಮಾರಿಗೆ ಬಸುರಿ-ಬಾಣಂತಿಯರ ವಸತಿ ಚಿಕಿತ್ಸೆಗೇ ಅಂತ ಕೇಂದ್ರದ ಅನುದಾನ ಶುರುವಾಯ್ತು. 2018ರ ಕಾನೂನಿನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ತಾಯಿ ಇಂಥ ಕೇಂದ್ರದಲ್ಲಿದ್ದಾಗ ಮಗುವೂ ಜೊತೆಗಿದ್ದರೆ, ಹೆತ್ತವರಿಂದ ಬೇರ್ಪಡಿಸಿದ ಮಕ್ಕಳ ಪೋಷಣೆಗೆ ಇಟ್ಟಿದ್ದ ದುಡ್ಡನ್ನ ಆ ಮಗುವಿಗೆ 12 ತಿಂಗಳವರೆಗೆ ಬಳಸಬಹುದು. ಮಗುವನ್ನ ತಾಯಿಯಿಂದ ಕಿತ್ತು ಬೇರೆಯವರ ಮನೆಯಲ್ಲಿಡೋಕೆ ಖರ್ಚಾಗ್ತಿದ್ದ ಹಣ, ಅವಳ ಜೊತೆಗೇ ಇರಿಸೋಕೆ. ಇಷ್ಟು ಸರಳ ಲೆಕ್ಕ. ಲೇಡಿ ಹೆನ್ರಿಯ ಹಳ್ಳಿಯಿಂದ ಇಲ್ಲಿಗೆ 123 ವರ್ಷ.

ಇನ್ನು ನಮ್ಮಲ್ಲಿ. ಪ.ಜಾತಿ ಮಕ್ಕಳ ವಿದ್ಯಾರ್ಥಿವೇತನದ ಫೈಲು ಇರೋ ಸಾಮಾಜಿಕ ನ್ಯಾಯ ಸಚಿವಾಲಯವೇ ದೆಹಲಿಯಲ್ಲಿ ವ್ಯಸನಿಗಳ ಪುನರ್ವಸತಿ ಕೇಂದ್ರಗಳಿಗೂ ಅನುದಾನ ಕೊಡೋದು. ಎಷ್ಟು ಜನಕ್ಕೆ ಗೊತ್ತು? ಆ ಸಚಿವಾಲಯಕ್ಕಾಗಿ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಮದ್ಯ ಕುಡಿಯೋರು ಗಂಡಸರಲ್ಲಿ 27.3%, ಹೆಂಗಸರಲ್ಲಿ 1.6%. ಮನೆ ಬಾಗಿಲಿಗೆ ಬಂದ ಅಪರಿಚಿತರಿಗೆ, ಅತ್ತೆ ಪಕ್ಕದಲ್ಲಿ ನಿಂತಿರೋವಾಗ, ಯಾವ ಸೊಸೆ ಹೂಂ ಅಂತಾಳೆ ಅನ್ನೋದು ನಿಮ್ಮ ಊಹೆಗೆ ಬಿಟ್ಟದ್ದು. ಈ 1.6 ಅನ್ನೇ ಸರಿ ಅಂದುಕೊಂಡರೂ ಇಡೀ ದೇಶದಲ್ಲಿ ಅದು ಲಕ್ಷಗಳ ಲೆಕ್ಕ.

ಮ್ಯಾನ್‌ಹೋಲಿಗೆ ಇಳಿಯೋ ಗಂಡಸರು ಕುಡಿಯದೆ ಇಳಿಯೋಕಾಗಲ್ಲ ಅಂತ ನಾವೇ ವರದಿಗಳಲ್ಲಿ ಬರೀತೀವಿ. ಅದೇ ನಾತದಲ್ಲಿ ಬೆಳಗಿನ ಜಾವ ಪೊರಕೆ ಹಿಡಿಯೋ ಹೆಂಗಸಿನ ಮೂಗು ಬೇರೆಯದ್ದಾ? ನಮ್ಮ ಕೇರಿಯ ಒಬ್ಬ ಅಕ್ಕ ಸಾರಾಯಿ ಪ್ಯಾಕೆಟ್ ಕಾಲದಿಂದ ಕುಡೀತಿದ್ದಳು. 2007ರ ಜುಲೈನಲ್ಲಿ ಸಾರಾಯಿ ನಿಂತ ಮೇಲೆ ಟೆಟ್ರಾ ಪ್ಯಾಕಿಗೆ ಬಂದಳು. ಕೈ ನಡುಗೋದು ಜಾಸ್ತಿಯಾದಾಗ ಬಿಡ್ತೀನಿ ಕಣಪ್ಪಾ, ಎಲ್ಲಾದ್ರೂ ಸೇರಿಸು ಅಂದಳು. ಮೂರು ಕೇಂದ್ರಕ್ಕೆ ಫೋನ್ ಮಾಡಿದೆ. ಎರಡರಲ್ಲಿ 'ಲೇಡೀಸ್ ತಗೊಳಲ್ಲ ಸಾರ್' ಅಂದರು. ಮೂರನೇದರಲ್ಲಿ ತಗೋತೀವಿ, ಜೊತೆಗೆ ಒಬ್ಬರು ಹೆಂಗಸರು ಪೂರ್ತಿ ತಿಂಗಳು ಇರ್ಬೇಕು ಅಂದರು. ಮಗಳು ಗಾರ್ಮೆಂಟ್ಸಿಗೆ ಹೋಗ್ತಿದ್ದಳು, ರಜೆ ಹಾಕಿದ್ರೆ ಕೆಲಸ ಇಲ್ಲ. ಅಲ್ಲಿಗೆ ಮುಗೀತು. ಅವಳಿಗೆ ಬೈದು ಬುದ್ಧಿ ಹೇಳೋಕೆ ಮಾತ್ರ ಇಡೀ ಕೇರಿಯಲ್ಲಿ ಜನ ಇದ್ದರು.

ಮದ್ಯ ನಿಷೇಧ ಬೇಕೋ ಬೇಡವೋ ಅನ್ನೋ ಜಗಳ ಇನ್ನೊಂದು ದಿನ ಆಡೋಣ. ನಾಳೆಯೇ ಅಂಗಡಿ ಮುಚ್ಚಿದರೂ ಕೈ ನಡುಗೋ ಹೆಂಗಸಿಗೆ ನಾಳೆ ರಾತ್ರಿ ಮಲಗೋಕೆ ಒಂದು ಹಾಸಿಗೆ ಬೇಕು. ಒಮ್ಮೆಗೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ, ಡಾಕ್ಟರು ಹತ್ತಿರ ಇರಲೇಬೇಕು.

ಹಾಗಾಗಿ ಒಂದು ಕೆಲಸ ಮಾಡೋಣ. ಹತ್ತು ರೂಪಾಯಿ ಶುಲ್ಕದಲ್ಲಿ ನಿಮ್ಮ ಜಿಲ್ಲೆಯಿಂದ ಒಂದು ಮಾಹಿತಿ ಹಕ್ಕು ಅರ್ಜಿ. ಸರ್ಕಾರಿ ಅನುದಾನದ ವ್ಯಸನಮುಕ್ತಿ ಕೇಂದ್ರಗಳು ಎಷ್ಟು, ಅದರಲ್ಲಿ ಹೆಂಗಸರಿಗೆ ಮೀಸಲಾದ ಹಾಸಿಗೆ ಎಷ್ಟು, ಕಳೆದ ಮೂರು ವರ್ಷದಲ್ಲಿ ದಾಖಲಾದ ಹೆಂಗಸರು ಎಷ್ಟು, ಅವರಲ್ಲಿ ಪ.ಜಾತಿ, ಪ.ಪಂಗಡದವರು ಎಷ್ಟು, ಬಸುರಿಯರನ್ನ ಸೇರಿಸಿಕೊಳ್ತೀರಾ, ಸಣ್ಣ ಮಕ್ಕಳನ್ನ ಜೊತೆಗಿಟ್ಟುಕೊಳ್ಳೋಕೆ ಅವಕಾಶ ಇದೆಯಾ, ಆದೇಶದ ಪ್ರತಿ ಕೊಡಿ. 'ಮಾಹಿತಿ ಲಭ್ಯವಿಲ್ಲ' ಅಂತ ಬಂದರೆ ಅದನ್ನೂ ಇಟ್ಟುಕೊಳ್ಳಿ, ಅದೂ ದಾಖಲೆಯೇ. ಅರ್ಜಿಯ ನಮೂನೆ ನಾನು ಟೈಪ್ ಮಾಡಿಟ್ಟಿದ್ದೀನಿ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಜಿಲ್ಲೆ ಹೆಸರು ಹಾಕಿ ಕಳಿಸ್ತೀನಿ. ಉತ್ತರ ಬಂದವರು ಸ್ಕ್ಯಾನ್ ಮಾಡಿ ನನಗೂ ಕಳಿಸಿ.

ಜೈ ಭೀಮ್.